ಕಾವಲಿಯೆಂದು ನಂಬಿದ ಅಚ್ಚು

ನಮ್ಮ ವಂಶದ ಮೊದಲ ಪದವೀಧರ ನಾನು. ಬಂಗಾಳಿಗಳ ನಡುವೆ, ಗರಿಯಾಹಾಟಿನಲ್ಲಿರುವ ನಮ್ಮ ಇಡ್ಲಿ-ದೋಸೆ ಹೋಟೆಲಿನಲ್ಲಿ ಅಪ್ಪ ನನ್ನ ಇಂಜಿನಿಯರಿಂಗ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕೃಷ್ಣನ ಪಟದ ಪಕ್ಕ ತೂಗುಹಾಕಿದ್ದಾರೆ. ಬೆಳಿಗ್ಗೆ ಎರಡಕ್ಕೂ ಊದುಬತ್ತಿ, ಆಮೇಲೆ ದಿನವಿಡೀ ಎರಡಕ್ಕೂ ಸಾಂಬಾರಿನ ಹಬೆ. ಇಷ್ಟು ಪೂಜೆ ಸಿಕ್ಕ ಮೇಲೂ ತಲೆ ತಿರುಗದಿದ್ದರೆ ಅದು ಪದವಿಗೇ ಅವಮಾನ.

ಕೆಲಸ ಸಿಕ್ಕಿದ್ದು ಅಲ್ಲೇ ಹತ್ತಿರದ ಕಸ್ಬಾದ ಸಣ್ಣ ವರ್ಕ್‌ಶಾಪಿನಲ್ಲಿ, ಮೂರು ತಿಂಗಳು ನೋಡೋಣ ಎಂಬ ಷರತ್ತಿನ ಮೇಲೆ. ಡ್ರೋನುಗಳಿಗೆ ಕಾರ್ಬನ್ ಫೈಬರ್ ಕವರು ಮಾಡುತ್ತೇವೆ. ಅಚ್ಚಿನೊಳಗೆ ಕಪ್ಪು ಬಟ್ಟೆ ಹಾಸಿ, ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸಿ, ಗಟ್ಟಿಯಾದ ಮೇಲೆ ಬಿಡಿಸಿಕೊಳ್ಳಬೇಕು. ಅಂಟು ಅಚ್ಚನ್ನೇ ಹಿಡಿದುಕೊಳ್ಳದಂತೆ ಮೊದಲು ಮೇಣ. ಆರು ಸಲ ಹಚ್ಚಬೇಕು, ಪ್ರತಿ ಸಲ ಒಣಗಲು ಬಿಟ್ಟು ಉಜ್ಜಬೇಕು. ಇದನ್ನು ಹೇಳಿಕೊಟ್ಟ ಮಾಲೀಕರು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ವಿನಯದಿಂದ ತಲೆಯಾಡಿಸಿದೆ.

ಅಚ್ಚು ಹಳೆಯದು, ಕನ್ನಡಿಯಂತೆ ಹೊಳೆಯುತ್ತಿತ್ತು. ಪಳಗಿದ ಕಾವಲಿ ಎಣ್ಣೆ ಕೇಳುವುದಿಲ್ಲ, ದೋಸೆ ತಾನಾಗಿಯೇ ಏಳುತ್ತದೆ ಎಂಬುದು ಹಾಲುಹಲ್ಲು ಬೀಳುವ ಮೊದಲೇ ನಾನು ಕಲಿತ ವಿಜ್ಞಾನ. ಅದಕ್ಕೆ ಡಿಗ್ರಿಯೂ ಸೇರಿದಾಗ ಆರು ಸಲದ ಮೇಣ ಬರೀ ಮೂಢನಂಬಿಕೆಯಾಗಿ ಕಂಡಿತು. ಒಣಬಟ್ಟೆಯಲ್ಲಿ ಒರೆಸಿ, ಮೇಣ ಮುಟ್ಟದೆ ಕೆಲಸ ಮುಗಿಸಿದೆ.

ಮರುದಿನ ಕವರು ಏಳಲಿಲ್ಲ. ಅಚ್ಚಿಗೂ ಅದಕ್ಕೂ ಜನ್ಮಾಂತರದ ನಂಟು. ಆ ಕವರಿಗೆ ಇದ್ದದ್ದು ಅದೊಂದೇ ಅಚ್ಚು. ಮಾಲೀಕರು ದನಿ ಏರಿಸದೆ ಹಿಂದಿಯಲ್ಲಿ ಹೇಳಿದರು: "ಇಂಜಿನಿಯರ್ ಬಾಬು, ಕವರು ಹೋದರೆ ಹೋಗಲಿ. ಅಚ್ಚು ಒಡೆದರೆ ನಾಳೆಯಿಂದ ಬರಬೇಡಿ."

ನಾಲ್ಕು ವರ್ಷ ಓದಿದ್ದರಲ್ಲಿ ಏನೂ ನೆನಪಾಗದೆ ಅಪ್ಪನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರೆಂದರು: "ಇಡ್ಲಿ ತಟ್ಟೆಗೆ ದಿನಾ ಎಣ್ಣೆ ಹಚ್ಚುದು ಯಾಕೆ ಅಂತ ಕಾಲೇಜಲ್ಲಿ ಹೇಳ್ಲಿಲ್ವಾ ಮಾರಾಯ? ನಿನ್ನ ಅಚ್ಚೂ ಅಂಥದ್ದೇ ತಟ್ಟೆ, ಕಾವಲಿ ಅಲ್ಲ. ತಣ್ಣೀರು ಹೊಯ್ದು ಸುಮ್ಮನೆ ಕೂತ್ಕೋ. ಚಮಚ ಹಾಕಿ ಕೆರೀಬೇಡ."

ಮೀನಂಗಡಿಯ ಕಡೆ ಕಣ್ಣೆತ್ತಿಯೂ ನೋಡದ ಮನೆತನದವನಾದ ನಾನು ಮೂಲೆಯ ಮೀನಿನವನ ಮುಂದೆ ನಿಂತು, ನೀರಿಗೆ ಹಾಕಲು ಐಸು ಬೇಡಿದೆ. ಇಲಿಶ್ ಎಷ್ಟು ಬೇಕೆಂದು ಅವನು ಕೇಳಿದ. ಬರೀ ಐಸು ಸಾಕೆಂದಾಗ ಕರುಣೆಯಿಂದ ನೋಡಿ ಕೊಟ್ಟ. ಅಚ್ಚಿನ ಮೇಲೆ ಐಸುನೀರು ಹೊಯ್ದು ಕಾದೆ. ಅಂಚಿಗೆ ಪ್ಲಾಸ್ಟಿಕ್ ಬೆಣೆ ಕೊಟ್ಟು ಮತ್ತೆ ಕಾದೆ. ಮಧ್ಯಾಹ್ನ ಫಟ್ ಎಂದಿತು. ಎಲ್ಲರೂ ಕೈಯ ಕೆಲಸ ನಿಲ್ಲಿಸಿ ನೋಡಿದರು. ಕವರು ಎರಡು ಹೋಳು. ಅಚ್ಚು ಉಳಿದಿತ್ತು, ಉಗುರಿನಷ್ಟು ಚಕ್ಕೆ ಮಾತ್ರ ಎದ್ದಿತ್ತು.

ಮಾಲೀಕರು ಆ ಕುಳಿಯ ಮೇಲೆ ಬೆರಳಾಡಿಸಿ, ಮೇಣದ ಡಬ್ಬಿಯನ್ನು ನನ್ನ ಕೈಗಿಟ್ಟರು.

ಕೆಲಸ ಉಳಿಯಿತು. ಅಂದಿನಿಂದ ಆ ಅಚ್ಚಿನಲ್ಲಿ ಹುಟ್ಟುವ ಪ್ರತಿ ಕವರಿನ ಮೇಲೂ ಉಗುರಿನಷ್ಟು ಗುಬುಟು ಬರುತ್ತದೆ. ಅದನ್ನು ಉಜ್ಜಿ ನುಣುಪು ಮಾಡುವ ಕೆಲಸ ವರ್ಕ್‌ಶಾಪಿನ ಏಕೈಕ ಪದವೀಧರನಿಗೇ ಮೀಸಲು.