ಅಂಕಲ್ ಕೆಮ್ಮು, ಆಂಟಿ ಹಾಡು

ಜಯನಗರದ ಒಂದು ಕುಟುಂಬವನ್ನು ಟೆಂಪೋ ಟ್ರಾವೆಲರಿನಲ್ಲಿ ಟ್ರಿಪ್ಪಿಗೆ ಕರ್ಕೊಂಡು ಹೋಗಿದ್ದೆ. ಅಂಕಲ್ ಕೆಮ್ಮುತ್ತಿದ್ದಾರೆಂದು ಆಂಟಿ ಅವರನ್ನು ಮುಂದೆ, ಡ್ರೈವರ್ ಆದ ನನ್ನ ಪಕ್ಕದ ಸೀಟಿಗೆ ದಬ್ಬಿದರು. ತಾವು ಹಿಂದೆ ಎಲ್ಲರ ಮಧ್ಯೆ ಕೂತು, ಎಸಿ ಹಾಕಿಸಿ, ದಾರಿಯುದ್ದಕ್ಕೂ ಅಂತ್ಯಾಕ್ಷರಿ ಹಾಡಿದರು. ಅವರಿಗೆ ಒಂದು ಕೆಮ್ಮಿಲ್ಲ, ಸೀನಿಲ್ಲ.

ವಾರ ಕಳೆದು ಅಂಕಲ್ ಫೋನ್ ಮಾಡಿದರು.

"ನಮ್ಮಿಬ್ಬರಿಗೂ ಕೊರೊನಾ ಕಣಪ್ಪ. ಹಿಂದೆ ಕೂತೋರೂ ಎಲ್ಲ ಮಲಗಿದಾರೆ. ನಾನೇ ಅಂಟಿಸಿದ್ದು ಅಂತ ಇವಳು ಮಾತೇ ಬಿಟ್ಟಿದಾಳೆ. ನಿಂಗೇನಾಯ್ತು?"

"ಏನೂ ಇಲ್ಲ ಸಾರ್. ಟೆಸ್ಟೂ ನೆಗೆಟಿವ್."

"ನೋಡು, ನನ್ನ ಪಕ್ಕದಲ್ಲೇ ಕೂತ ನಿಂಗೇ ಬಂದಿಲ್ಲ! ಡಾಕ್ಟ್ರು ಅದೇ ಅಂದ್ರು! ಕೆಮ್ಮೋನೇ ಜಾಸ್ತಿ ಹರಡ್ತಾನೆ ಅಂತಿಲ್ಲ, ಕೆಲವರು ಕೆಮ್ಮದೇನೇ ವೈರಸ್ ಸುರೀತಾರಂತೆ. ತಡಿ, ಇವಳಿಗೂ ಕೇಳ್ಲಿ, ಸ್ಪೀಕರಿಗೆ ಹಾಕ್ತೀನಿ. ಇನ್ನೊಂದ್ಸಲ ಜೋರಾಗಿ ಹೇಳು."

ಹೇಳಿದೆ. ಆ ಕಡೆ ಪಾತ್ರೆಯೊಂದು ಧಡ್ ಅಂತ ಬಿತ್ತು.

ಮುಂದಿನ ಟ್ರಿಪ್ಪಿಗೂ ಕರೆದರು. ಅಂಕಲ್ ಪಕ್ಕದ ಸೀಟಿಗೆ ಆವತ್ತು ನೂಕುನುಗ್ಗಲು.