ಹಸುವಿಗೂ ಏಕಾದಶಿ

ಮೊನ್ನೆ ದೋಸೆ ಹಿಟ್ಟಿನ ಡಬ್ಬಿ ತೆಗೆದೆ. ಚೆನ್ನೈ ಸೆಕೆಗೆ ಹಿಟ್ಟು ಹುಳಿ ಹೊಡೆದು ಉಕ್ಕಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಿರುವೊಟ್ಟಿಯೂರಿನ ಎದುರುಮನೆ ಅಜ್ಜಿ ನೆನಪಾದರು…

ನಾನು ಆಗಷ್ಟೇ ಮದುವೆಯಾಗಿ ಆ ಬೀದಿಗೆ ಬಂದವಳು. ಅಜ್ಜಿಯದು ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಕನ್ನಡ ವೈಷ್ಣವ ಮನೆತನ. ಮಗ ಬ್ಯಾಂಕಿನಲ್ಲಿ, ಹಿತ್ತಲಲ್ಲಿ ಒಂದೇ ಹಸು. ಏಕಾದಶಿ ಬಂತೆಂದರೆ ಹಸುವಿಗೂ ಉಪವಾಸ! ಪುಣ್ಯದಲ್ಲಿ ಅದಕ್ಕೂ ಪಾಲು ಸಿಗಲೆಂದು ಹಿಡಿ ಒಣಹುಲ್ಲಷ್ಟೇ ಹಾಕುತ್ತಿದ್ದರು. ಮರುದಿನ ಪಾರಣೆಗೆ ಮುಂಚೆ ಒಂದು ಉಂಡೆ ಅನ್ನ-ಬೆಲ್ಲ. ನನಗೆ ಒಳಗೊಳಗೇ ನಗು.

ಆ ಸಲ ಹಸು ಕರು ಹಾಕಿ ಸೊರಗಿತ್ತು. ಶಕ್ತಿ ಬರಲಿ ಎಂದು ದ್ವಾದಶಿ ಬೆಳಿಗ್ಗೆ ಅಜ್ಜಿ ಅನ್ನ, ಬೆಲ್ಲದ ಜೊತೆ ಮೆಕ್ಕೆಜೋಳದ ಹಿಟ್ಟನ್ನೂ ಕಲಸಿ ಬಕೆಟ್ ತುಂಬ ಇಟ್ಟರು. ಹಸಿದ ಹಸು ತಳ ನೆಕ್ಕಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಡಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತಾ ಕುಸಿದು ಕೂತಿತು. ಮೆಲುಕು ನಿಂತಿತ್ತು. ಬಾಯಿಂದ ಅದೇ ಹುಳಿ ವಾಸನೆ.

ದನದ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿ ಗದರಿದರು. ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳು ಅದರ ಹೊಟ್ಟೆಯಲ್ಲಿವೆ. ಹಿಟ್ಟನ್ನು ದಿನಕ್ಕಿಷ್ಟಿಷ್ಟೇ ರೂಢಿ ಮಾಡಿಸಿದರೆ ಹಾಲು ಹೆಚ್ಚುತ್ತದೆ, ಖಾಲಿ ಹೊಟ್ಟೆಗೆ ಒಮ್ಮೆಗೇ ಸುರಿದರೆ ಒಳಗೆಲ್ಲ ಆಮ್ಲವಾಗಿ ಆ ಜೀವಿಗಳೇ ಸಾಯುತ್ತವೆ ಎಂದರು. ಸೂಜಿ ಚುಚ್ಚಿ, ಸೋಡಾ ಪುಡಿ ಕದಡಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿದರು. ಹೊರಡುವಾಗ, “ಅಸೈ ಪೋಟ್ಟಾ ಪೊಳಚ್ಚಿಡುಂ ಪಾಟ್ಟಿ,” ಎಂದರು. ಮೆಲುಕು ಹಾಕಿದರೆ ಬದುಕುತ್ತದೆ ಅಜ್ಜಿ, ಎಂದು.

ಅಜ್ಜಿ ಹಸುವಿನ ಪಕ್ಕ ಕೂತುಬಿಟ್ಟರು. ಹಿಂದಿನ ದಿನವಿಡೀ ನಿರ್ಜಲ, ಬೆಳಿಗ್ಗೆ ಪಾರಣೆಗೂ ಬರೀ ತೀರ್ಥ, ಮೇಲೆ ಸಕ್ಕರೆ ಕಾಯಿಲೆ. ಮಗ ಎಷ್ಟು ಬೇಡಿಕೊಂಡರೂ ತೊಟ್ಟು ನೀರು ಮುಟ್ಟಲಿಲ್ಲ.

“ಅವಳು ಬಾಯಾಡಿಸ್ಲಿ. ಆಮೇಲೆ ನಂದು.”

ಹಸು ಹೋದರೆ ಅಜ್ಜಿಯೂ ಉಳಿಯುವುದಿಲ್ಲವೆಂದು ನನಗೆ ಜೀವ ಬಾಯಿಗೆ ಬಂದಿತ್ತು. ರಾತ್ರಿಯಿಡೀ ಎಲ್ಲರ ಕಣ್ಣೂ ಹಸುವಿನ ದವಡೆಯ ಮೇಲೇ.

ಬೆಳಕು ಹರಿಯುವಾಗ ದವಡೆ ಮೆಲ್ಲಗೆ ಅಲುಗಿತು. ನಿಂತಿತು. ಮತ್ತೆ ಅಲುಗಿತು… ಅಜ್ಜಿ ನನ್ನ ಕೈಯಿಂದ ಲೋಟ ತೆಗೆದುಕೊಂಡು ಗಟಗಟ ಕುಡಿದು, ಗೋಡೆಗೆ ಒರಗಿ ಅತ್ತರು.

ಮುಂದಿನ ಏಕಾದಶಿ ಹಸುವಿನ ಮುಂದೆ ಹಸಿಹುಲ್ಲಿನ ರಾಶಿಯಿತ್ತು. ಅದನ್ನು ಹಾಕಿ ಕೈ ತೊಳೆದವರೇ ಅಜ್ಜಿ ನಮ್ಮ ಮನೆಗೆ ಬಂದರು. ನಾನಾಗ ಬಸುರಿ, ಆದರೂ ನಮ್ಮ ಅತ್ತೆ ನನಗೆ ಉಪವಾಸ ತಪ್ಪಿಸಿರಲಿಲ್ಲ.

“ವ್ರತ ನಮ್ಮದು ರೀ, ಹೊಟ್ಟೆ ಅವಳದು. ಅನ್ನ ಹಾಕಿ,” ಎಂದರು ಅಜ್ಜಿ.

ಅತ್ತೆ ಮುಖ ಗಂಟಿಕ್ಕಿಕೊಂಡೇ ಬಡಿಸಿದರು. ಅಲ್ಲಿಂದ ಮುಂದೆ ಪ್ರತಿ ಏಕಾದಶಿ ಬೀದಿಯ ಆಚೆಯಿಂದಲೇ ಅಜ್ಜಿ ಕೇಳುತ್ತಿದ್ದರು, ಉಂಡೆಯೇನೇ ಎಂದು.

ಅವರಿಲ್ಲದೆ ಎಷ್ಟೋ ವರ್ಷಗಳಾದವು. ಹಿತ್ತಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಈಗ ನನ್ನಿಷ್ಟ, ಉಂಡರೆ ಉಂಡೆ, ಬಿಟ್ಟರೆ ಬಿಟ್ಟೆ. ಕೇಳುವವರು ಯಾರೂ ಇಲ್ಲ.