ದ್ರಾಕ್ಷಾಯಣಿ ಓದಿದ್ದು

ಆನೇಮಹಲ್‌ನಲ್ಲಿ ಹೆದ್ದಾರಿ ಪಕ್ಕ ದ್ರಾಕ್ಷಾಯಣಿಯ ಕಾಫಿಪುಡಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಬೀಜ ಹುರಿಯುವುದು, ಪುಡಿ ಮಾಡುವುದು, ದೂರದ ಗಿರಾಕಿಗಳಿಗೆ ಕಳಿಸುವುದು ಎಲ್ಲವೂ ಅವಳದೇ. ಅಳತೆಯಲ್ಲಿ ಮೋಸ ಕಂಡರೆ ಲಾರಿಯವರ ಜೊತೆಗೂ ಜಗಳಕ್ಕೆ ನಿಲ್ಲುವ ಹೆಂಗಸು, ತವರಿನವರೊಂದಿಗೆ ಮಾತ್ರ ಎಂದೂ ದನಿ ಎತ್ತಿದವಳಲ್ಲ. ಅಪ್ಪನ ಕಾಲಾನಂತರ ಹೊಂಗಡಹಳ್ಳದ ತೋಟವನ್ನು ಅಣ್ಣ ಮೃತ್ಯುಂಜಯನೇ ನೋಡಿಕೊಂಡ. ಇವಳು ಕೇಳಲಿಲ್ಲ, ಅವನು ಕೊಡಲಿಲ್ಲ.

ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಎಂದು ಯಾರೋ ಅಂದದ್ದು ಅವಳ ತಲೆಯಲ್ಲಿ ಕೂತಿತು. ಫೋನಿನಲ್ಲಿ ಹುಡುಕಿದಾಗ ಕಾನೂನು ಸಲಹೆಯ ವೆಬ್‌ಸೈಟ್ ಒಂದು ಸಿಕ್ಕಿತು. ಪೂರ್ತಿ ಓದಲು ಇಮೇಲ್, ಫೋನ್ ನಂಬರ್ ಕೇಳಿತು; ಕೊಟ್ಟಳು. ವಾರವಾರವೂ ಮೇಲ್ ಬರತೊಡಗಿತು. ಓದುವಳು, ಯೋಚಿಸುವಳು, ಸುಮ್ಮನಾಗುವಳು.

ಒಂದು ದಿನ ಆ ವೆಬ್‌ಸೈಟಿನವನೊಬ್ಬ ಫೋನ್ ಮಾಡಿದ. "ಮೇಡಂ, ಪಾಲಿನ ಬಗ್ಗೆ ಬರೆದ ಮೇಲ್ ಪದೇಪದೇ ತೆರೆದಿದ್ದೀರಿ. ಕೇಸ್ ಹಾಕೋಣ್ವಾ?"

"ನಾನು ಓದಿದ್ದು ನಿಮಗ್ಯಾರು ಹೇಳಿದ್ರು?"

"ನಮಗೆ ಇಲ್ಲಿ ಕಾಣುತ್ತೆ ಮೇಡಂ."

ಅವಳು ಫೋನ್ ಇಟ್ಟುಬಿಟ್ಟಳು. ಅದೇ ವಾರ ಮೃತ್ಯುಂಜಯ ಜೀಪಿನಲ್ಲಿ ಬಂದಿಳಿದ. ಕೂರು ಎಂದರೂ ಕೂರಲಿಲ್ಲ.

"ಎಸ್ಟೇಟ್ ಆಫೀಸಿನ ಕಂಪ್ಯೂಟರ್ ತೆಗುದ್ರೆ ಸಾಕು, ತವರಿನ ಆಸ್ತೀಲಿ ಪಾಲು ಬೇಕಾ ಅಂತ ಜಾಹೀರಾತು ಬತ್ತೈತೆ. ಲೆಕ್ಕ ಬರಿಯೋ ರೈಟರ್ ನೋಡಿ ನಗ್ತಾನೆ. ಅದ್ರಲ್ಲಿ ನಿನ್ನ ಅಕೌಂಟ್ ಐತೆ. ಹುಡುಕಿದ್ದು ನೀನೇ ತಾನೆ?"

ಹಿಂದೊಮ್ಮೆ ಅಣ್ಣನ ಆಫೀಸಿನಲ್ಲಿ ಕಾಫಿಪುಡಿ ಪೊಟ್ಟಣದ ಲೇಬಲ್ ಪ್ರಿಂಟ್ ತೆಗೆಯಲು ತನ್ನ ಮೇಲ್ ತೆರೆದವಳು ಮುಚ್ಚದೆ ಬಂದಿದ್ದಳು. ಗೊತ್ತಿಲ್ಲ ಎಂಬ ಮಾತು ನಾಲಗೆಯವರೆಗೂ ಬಂತು. ಆದರೆ ತಾನು ಒಳಗೊಳಗೇ ತೂಗಿ ನೋಡುತ್ತಿದ್ದುದನ್ನು ಯಾರೋ ಕದ್ದು ಅಣ್ಣನ ಮೇಜಿನ ಮೇಲೆ ಸುರಿದಿದ್ದಾರಲ್ಲ ಎಂದು ಮೈ ಉರಿಯಿತು.

"ಹೌದು, ನಾನೇ. ಕೇಳಬೇಕು ಅಂತ ಇನ್ನೂ ತೀರ್ಮಾನ ಮಾಡಿರ್ಲಿಲ್ಲ ಕಣಣ್ಣ. ನೀನು ಹೆದರ್ಸಕ್ಕೆ ಬಂದ್ಯಲ್ಲ, ಈಗ ಮಾಡ್ಬುಟ್ಟೆ. ನನ್ನ ಪಾಲು ಕೊಡು."

"ಕೋರ್ಟಿಗೆ ಹೋಗ್ತೀಯಾ?"

"ಕೊಟ್ರೆ ಯಾಕೆ ಹೋಗ್ಲಿ?"

ಜೀಪು ಧೂಳೆಬ್ಬಿಸಿ ಹೋಯಿತು. ಪಕ್ಕದ ಮೊಬೈಲ್ ಅಂಗಡಿಯ ಧನುಶ್ರೀ ಫೋನ್ ನೋಡಿ ವಿವರಿಸಿದಳು: "ಆ ಮೇಲ್ ಒಳಗೆ ಕಣ್ಣಿಗೆ ಕಾಣದ ಚಿತ್ರ ಇರ್ತದೆ ಅಕ್ಕ. ತೆರೆದ ತಕ್ಷಣ ಅವರಿಗೆ ಗೊತ್ತಾಗ್ತದೆ. ನಿಮ್ಮ ಅಕೌಂಟ್ ಎಲ್ಲೆಲ್ಲಿ ಐತೋ, ನೀವು ಹುಡುಕಿದ್ದರ ಜಾಹೀರಾತೂ ಅಲ್ಲಿಗೇ ಬತ್ತದೆ." ಅಣ್ಣನ ಕಂಪ್ಯೂಟರಿನಿಂದ ಅಕೌಂಟನ್ನು ಫೋನಿನಲ್ಲೇ ತೆಗೆದುಹಾಕಿದಳು, ಮೇಲ್‌ಗಳಲ್ಲಿ ಚಿತ್ರ ತಾನಾಗಿ ತೆರೆಯದಂತೆಯೂ ಮಾಡಿಕೊಟ್ಟಳು.

ದ್ರಾಕ್ಷಾಯಣಿಗೆ ಅಷ್ಟು ಸಾಲಲಿಲ್ಲ. ತನ್ನ ವಿವರವೆಲ್ಲ ಅಳಿಸಿ ಎಂದು ವೆಬ್‌ಸೈಟಿಗೆ ಬರೆದಳು. ನೀವೇ ಒಪ್ಪಿಗೆ ಒತ್ತಿದ್ದೀರಿ ಎಂದು ಉತ್ತರ ಬಂತು. 'ಒಪ್ಪಿದ್ದು ಓದುವುದಕ್ಕೆ, ನೀವು ನನ್ನ ಬೆನ್ನು ಹತ್ತುವುದಕ್ಕಲ್ಲ' ಎಂದು ಮತ್ತೆ ಬರೆದಳು. ಅಳಿಸಿದ್ದೇವೆ ಎನ್ನುವವರೆಗೂ ಬಿಡಲಿಲ್ಲ.

ಪಾಲಿಗೆ ಅವರ ವಕೀಲರು ಬೇಕಿರಲಿಲ್ಲ. ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿ ತಾನೇ ವಕೀಲರನ್ನು ಹಿಡಿದು ನೋಟಿಸ್ ಕಳಿಸಿದಳು. ಮೃತ್ಯುಂಜಯ ಮೊದಲು ಹಳ್ಳದಾಚೆಯ ಕಲ್ಲುಜಾಗ ಕೊಡುತ್ತೇನೆಂದ. ಆಗದು ಎಂದಳು. ನೆಂಟರು ಬಂದು ಬುದ್ಧಿ ಹೇಳಿದರು. ಎಲ್ಲರಿಗೂ ಕಾಫಿ ಕೊಟ್ಟು ಅದೇ ಮಾತು ಹೇಳಿ ಕಳಿಸಿದಳು. ಕೊನೆಗೆ ತೋಟ ಸರಿಪಾಲಾಯಿತು.

ನೋಂದಣಿಯ ದಿನ ಅಣ್ಣ ಮುಖ ತಿರುಗಿಸಿಕೊಂಡೇ ಸಹಿ ಹಾಕಿದ. "ಸಮಾಧಾನ ಆಯ್ತಾ?" ಎಂದ.

"ಆಯ್ತು. ಬಾ, ಊಟ ಮಾಡ್ಕಂಡು ಹೋಗು."

ಅವನು ಬರಲಿಲ್ಲ. ಹೋಟೆಲಿನಲ್ಲಿ ಒಬ್ಬಳೇ ಹೊಟ್ಟೆತುಂಬ ಉಂಡು, ತನ್ನ ತೋಟ ನೋಡಲು ಹೊಂಗಡಹಳ್ಳದ ಬಸ್ಸು ಹತ್ತಿದಳು.